ಚೆಲ್ಲಿದ ಹಳ್ಳಿನ್ಯಾಗ ಸಿಕ್ಕ ಮೀನು

ಮಾರೆವ್ವಕ್ಕಾ, ಗಾಳೇಶ ಮಾಡೋ ನಮಸ್ಕಾರ.

ನಾ ಗುಜರಾತಿನ ಕಚ್ಛದಾಗ ಅದೀನಿ, ಒಂದ ಕಾಲಕ್ಕ ಇಲ್ಲಿ ಸಮುದ್ರ ಇತ್ತಂತ. ಮೀನಿನ ಕಿವ್ಯಾಗ ಕಲ್ಲಿರತೈತಿ, ಮೀನು ಸತ್ತು ಮಣ್ಣಾದ್ರೂ ಅದು ಉಳೀತೈತಿ. ಅದರ ಆಕಾರ ನೋಡಿ ಇಲ್ಲಿ ಸಂಶೋಧನೆ ಮಾಡಾಕ ಬಂದ ಧಾರವಾಡದ ಮೇಡಂ ಮೀನಿನ ಜಾತಿ ಹೇಳತಾರ. ಮಣ್ಣು ಜರಡಿ ಹಿಡಿದು ಕಲ್ಲು ಆರಿಸೋದು ನನ್ನ ಕೆಲಸ. ಮೊದಲನೇ ದಿನ ಗಂಗಾವತಿ ಅಕ್ಕಿ ಮಿಲ್ಲಿನಾಗ ದುಡಿದ ರೂಢಿಗೆ, ಅಕ್ಕ್ಯಾಗಿನ ಹಳ್ಳು ಚೆಲ್ಲಿದಂಗ ಕಲ್ಲೆಲ್ಲಾ ಆರಿಸಿ ಚೆಲ್ಲಿಬಿಟ್ಟೆ! "ಊರಿಗೆ ಹೋಗಪಾ" ಅಂದ್ರು ಮೇಡಂ. ನಾ ಸಿಟ್ಟಿಗೆದ್ದು, ಚೆಲ್ಲಿದ್ದನ್ನೆಲ್ಲಾ ಬಳಕೊಂಡು ಬಂದು ನೀ ಅಕ್ಕಿ ಕೇರಿದಂಗ ಮರದಾಗ ಹಾಕಿ ಕೇರಿದೆ. ನುಚ್ಚಿನಷ್ಟು ಕಲ್ಲೊಂದು ಸಿಕ್ತು. ಮೇಡಂ ಭೂತಗನ್ನಡಿ ಹಿಡಿದು ನೋಡಿ ಕುಣಿದಾಡಿದ್ರು: "ಗಾಳೇಶಾ, ಈ ಮೀನು ಈಗ ಯಾವ ಸಮುದ್ರದಾಗೂ ಇಲ್ಲೋ!"

ಕೆಲಸ ಗಟ್ಟಿ ಆತು. ಕಣ್ಣು ಉರೀತಾವ, ಔಷಧ ಹಾಕ್ಕೊಂಡೀನಿ. ಸಾಲಿ ಬಿಟ್ಟಾಂವ ಏನ್ ಕಡದು ಕಟ್ಟಿ ಹಾಕ್ತಾನ ಅಂದ ಮಾಮಾಗ ಇದನ್ನ ಮಂದಿ ಮುಂದ ಜೋರಾಗಿ ಓದಿ ಹೇಳು!