ಸೆರಗೊಡ್ಡದ ಅವ್ವ

ಇಂದೂರ, ಮುಂಡಗೋಡ ತಾಲೂಕು
೧೪ ಮಾರ್ಚ್ ೨೦೨೫

ಪ್ರೀತಿಯ ತಮ್ಮ ವೀರೇಶನಿಗೂ, ವಾಸ್ಕೋದ ಅವನ ಕೋಣೆಯಲ್ಲಿ ನೆರೆದ ಸಕಲ ಸಭಿಕರಿಗೂ ಲಗಮಪ್ಪನ ಶರಣು. ಎಲ್ಲರೂ ಹತ್ತಿರ ಸರಿದು ಕೂಡಿರಿ. ವೀರೇಶ, ಹಿಂದಿನವರಿಗೂ ಕೇಳುವಂತೆ ಓದು; ಬರೆಯುವಾಗಲೂ ನಾನು ಗಂಟಲು ತಗ್ಗಿಸಿಲ್ಲ. ನಿನ್ನ ಮೊಣಕಾಲು ನೋವು ಹೇಗಿದೆ? ಹಡಗಿಗೆ ಬಣ್ಣ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀ ತಾನೆ? ಇಲ್ಲಿ ನಿನ್ನ ಹೆಂಡತಿ, ಕೂಸು ಕ್ಷೇಮ. ಆದರೆ ಕೈಗೆ ಬಿಸಿ ತಾಗಿತ್ತು ಅಷ್ಟೇ ಎಂದು ಅವ್ವ ಫೋನಿನಲ್ಲಿ ಹೇಳಿದ್ದು ಸುಳ್ಳು.

ಖಳನನ್ನು ಮೊದಲೇ ರಂಗಕ್ಕೆ ಕರೆಯುತ್ತೇನೆ: ಪಕ್ಕದ ಪಾಳಾ ಊರಿನ ಮಹಾಬಳೇಶ್ವರ, ನಮ್ಮ ಮಾಡಿನ ಮೇಲೆ ಸೋಲಾರ್ ಪ್ಯಾನಲ್ ಕೂಡಿಸಿದವನು. ನಮ್ಮ ಲಿಥಿಯಂ ಬ್ಯಾಟರಿಗೆ ಹನ್ನೆರಡೂವರೆ ವೋಲ್ಟಿಗೆ ಹೊಟ್ಟೆ ತುಂಬುತ್ತದೆ. ಆಗ ಚಾರ್ಜ್ ನಿಲ್ಲಬೇಕು. ಆ ಪುಣ್ಯಾತ್ಮ ಜೋಡಿಸಿದ್ದು ಹಳೆಯ ನೀರಿನ ಬ್ಯಾಟರಿಯ ಚಾರ್ಜರ್ ಡಬ್ಬಿ. ಅದು ಹದಿನಾಲ್ಕೂವರೆಯವರೆಗೂ ತುರುಕುತ್ತಲೇ ಇರುತ್ತದೆ. ಅತಿಯಾದರೆ ಕರೆಂಟು ಕಡಿಯಲೆಂದು ಬ್ಯಾಟರಿಯೊಳಗೆ ಒಂದು ಕಾವಲು ಪಟ್ಟಿ ಇತ್ತಲ್ಲ, ಅದು ಪದೇ ಪದೇ ಕಟ್ ಮಾಡುತ್ತದೆಂದು ಅದನ್ನೂ ಕಿತ್ತೆಸೆದ. ನಾಯಿ ಬೊಗಳುತ್ತದೆಂದು ನಾಯಿಯನ್ನೇ ಕೊಂದು ಮಲಗಿದ ಜಾಣ.

ಹೋದ ತಿಂಗಳ ಒಂದು ನಡುಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲೆ. ನಿನ್ನ ಹೆಂಡತಿ ಹೊಲದಲ್ಲಿದ್ದಳು, ನಿನ್ನ ಕೂಸು ತೊಟ್ಟಿಲಲ್ಲಿ. ತೊಟ್ಟಿಲ ಪಕ್ಕದ ಬ್ಯಾಟರಿ ಉಬ್ಬಿ, ಬುಸುಗುಟ್ಟಿ, ಹೊತ್ತಿಕೊಂಡಿತು. ಅವ್ವ ಅದನ್ನು ಬರಿಗೈಯಲ್ಲಿ ಎತ್ತಿ ಅಂಗಳಕ್ಕೆ ಎಸೆದಳು. ಎರಡೂ ಅಂಗೈ ಬೆಂದವು. ನಾನು ಕೊಡಲಿ ಹಿಡಿದು ಪಾಳಾಕ್ಕೆ ಹೊರಟವನು ಬಾಗಿಲಲ್ಲೇ ನಿಂತೆ. "ನೀ ಜೇಲಿಗೆ ಹೋದ್ರ ನನ್ನ ಬಾಯಿಗೆ ತುತ್ತು ಯಾರು ಇಡ್ತಾರೊ?" ಎಂದಳು.

ಮೂರನೆಯ ದಿನ ಆ ವೀರ ತಾನು ಬರದೆ ಹೆಂಡತಿ ಸ್ವಪ್ನಾಳನ್ನು ಕಳಿಸಿದ. ಅವ್ವನ ಉಡಿ ತುಂಬಲು ಅಕ್ಕಿ, ಕಾಯಿ, ರವಿಕೆಗೆಂದು ಕುಬಸದ ಕಣ. ಸೆರಗೊಡ್ಡಿ ಉಡಿ ತುಂಬಿಸಿಕೊಂಡರೆ ಜಗಳ ಅಲ್ಲಿಗೆ ಮುಗಿಯಿತು, ನಮ್ಮ ರೀತಿ ನಿನಗೆ ಗೊತ್ತಲ್ಲ. ಅವ್ವ ಒಪ್ಪಿಬಿಡುತ್ತಾಳೆಂದೇ ಅಂದುಕೊಂಡೆ. ಅವ್ವ ಪಟ್ಟಿ ಸುತ್ತಿದ ಕೈ ತೋರಿಸಿ ತಣ್ಣಗೆ ಹೇಳಿದಳು: "ಸೆರಗ ಒಡ್ಡಾಕ ಕೈ ಬೇಕಲ್ಲವಾ ತಂಗಿ. ಕೈ ಬಂದ ಮ್ಯಾಲೆ ಬಾ." ಸ್ವಪ್ನಾ ಕಾಯಿ ಹೊತ್ತು ಬಂದ ದಾರಿಯಲ್ಲೇ ತಿರುಗಿದಳು. ಅಂದಿನಿಂದ ನನ್ನ ಹಗೆಯನ್ನು ಕೂಸಿನಂತೆ ಹಾಲೆರೆದು ಸಾಕಿದ್ದೇನೆ.

ನಿನಗೂ ನಿನ್ನ ಕೋಣೆಯ ಗೆಳೆಯರಿಗೂ ಅವ್ವನ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಣ್ಣ,
ಲಗಮಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಡಾಕ್ಟರರು ಪಟ್ಟಿ ಬಿಚ್ಚಿದರು. ಬೆರಳು ಮಡಚುತ್ತವೆ. ಸುದ್ದಿ ತಿಳಿದು ಸ್ವಪ್ನಾ ಮತ್ತೆ ಬಂದಳು, ಹಿಂದೆ ಗಂಡನೂ ಇದ್ದ. ಪಾಳಾದ ಇನ್ನೂ ನಾಲ್ಕು ಮನೆಗೆ ಅದೇ ಡಬ್ಬಿ ಹಾಕಿದ್ದಾನೆ. ಅವ್ವ ಕೇಳಿ ತಿಳಿದಿದ್ದಳು. ಸೆರಗು ಒಡ್ಡಿದಳು, ಅಕ್ಕಿ ಮಾತ್ರ ಬೀಳಗೊಡಲಿಲ್ಲ. "ಅಕ್ಕಿ ಕಾಯಿ ಬ್ಯಾಡ. ಆ ನಾಕೂ ಡಬ್ಬಿ ಕಿತ್ತು ತಂದು ನನ್ನ ಉಡ್ಯಾಗ ಹಾಕ." ಅವನು ತಲೆ ಬಾಗಿಸಿ ಒಪ್ಪಿದ. ನಾಳೆ ಬೆಳಗ್ಗೆ ಬಿಸಿಲೇರುವ ಮುನ್ನ ಅವನನ್ನು ಮುಂದೆ ಬಿಟ್ಟುಕೊಂಡು ಪಾಳಾದ ಓಣಿಯಲ್ಲಿ ನಡೆಯುತ್ತೇನೆ. ಅವನು ಮೊದಲು ಪ್ಯಾನಲ್ಲಿನ ತಂತಿ, ಆಮೇಲೆ ಬ್ಯಾಟರಿಯದು ಬಿಚ್ಚುತ್ತಿರಲಿ. ನಾನು ಒಂದೊಂದು ಮನೆಯ ಮುಂದೆಯೂ ನಿಂತು, ಅವನು ಏನು ಕಟ್ಟಿದ್ದ, ಯಾರ ಕೈ ಬೆಂದಿತು ಎಂದು ಊರಿಗೆಲ್ಲ ಕೇಳುವಂತೆ ಸಾರುತ್ತೇನೆ.