ಮಂಡಿಯೂರದ ಕೀಪರ್‌ಗೆ

ಆಲಿಸ್, ಈಸ್ಟರ್ನ್ ಕೇಪ್, ದಕ್ಷಿಣ ಆಫ್ರಿಕಾ
ಮಂಗಳವಾರ

ಪ್ರೀತಿಯ ಅಪ್ಪಾ,

ನೀನು ಮಂಡಿಯೂರಲು ಒಪ್ಪಲಿಲ್ಲವೆಂದು ಕ್ರಿಕೆಟ್ ಕ್ಲಬ್ಬಿನ ಸಭೆಯಲ್ಲಿ ಎಲ್ಲರೆದುರು ನಿನ್ನನ್ನು ಹೇಡಿ ಅಂದೆ. ವರ್ಣಭೇದದ ವಿರುದ್ಧ ಪಂದ್ಯಕ್ಕೆ ಮೊದಲು ಪ್ರತಿ ಆಟಗಾರನೂ ಮಂಡಿಯೂರುವುದು ಕಡ್ಡಾಯ ಎಂಬ ನಿಯಮ ಬರೆದವನೇ ನಾನು. ನೀನು, "ಕರಪತ್ರದ ದೊರೆಯೇ, ನನ್ನ ಮಂಡಿಗೆ ವಯಸ್ಸಾಯ್ತಪ್ಪಾ" ಎಂದು ನಕ್ಕು, ವಿಕೆಟ್ ಕೀಪಿಂಗ್ ಗ್ಲೌಸ್ ಮೇಜಿನ ಮೇಲಿಟ್ಟು ಅತ್ತೆಯ ಮನೆಗೆ ಹೊರಟುಬಿಟ್ಟೆ.

ಬಿಳಿಯರ ಆಡಳಿತದಲ್ಲಿ ಪೊಲೀಸರು ಇದೇ ಮೈದಾನದಲ್ಲಿ ಬಂದೂಕು ತೋರಿಸಿ ನಿನ್ನನ್ನು ಮಂಡಿಯೂರಿಸಿದ್ದರೆಂದು ಅಮ್ಮ ಇವತ್ತು ಹೇಳಿದಳು. ನನ್ನ ಯಾವ ಕರಪತ್ರದಲ್ಲೂ ಅದಿರಲಿಲ್ಲ.

ಸಮಿತಿಯವರೊಂದಿಗೆ ಜಗಳವಾಡಿ 'ಕಡ್ಡಾಯ'ವನ್ನು ತೆಗೆಸಿದ್ದೇನೆ. ಶನಿವಾರ ನಾನಂತೂ ಮಂಡಿಯೂರುತ್ತೇನೆ, ಅದನ್ನು ಬಿಡಲಾರೆ. ನೀನು ನನ್ನ ಪಕ್ಕದಲ್ಲೇ ನೆಟ್ಟಗೆ ನಿಂತಿರು. ನನ್ನ ಸ್ಪಿನ್ ಹಿಡಿಯಲು ಬೇರೆ ಯಾರಿಗೂ ಬರುವುದಿಲ್ಲ. ಗ್ಲೌಸ್ ಒರೆಸಿಟ್ಟಿದ್ದೇನೆ.

ಮೊದಲ ಬಸ್ಸಿಗೇ ಬಾ.

ನಿನ್ನ ಮಗ,
ಲೊನ್ವಾಬೊ