ಬೆಳ್ಳಿಯಪ್ಪಣ್ಣ ಎಗರಬೇಕಾದ ಸೇತುವೆ

ಸುಂಟಿಕೊಪ್ಪ,
ಸಂತೆಯ ದಿನ, ಸಂಜೆ

ಹೊಳೆಯನ್ನೇ ಮಣಿಸಿದ ನನ್ನ ಬೆಳ್ಳಿಯಪ್ಪಣ್ಣನಿಗೆ, ಗಂಟಲು ಕಟ್ಟಿಕೊಂಡ ಮೊಣ್ಣಪ್ಪ ಮಾಡುವ ನಮಸ್ಕಾರ.

ಗಂಟಲು ಪೂರಾ ಹೋಗಿದೆ, ಅಣ್ಣ. ಭೀಮನ ಪಾರ್ಟು ಮಾಡಿ ಮೂರು ಊರಿಗೆ ಕೇಳುವ ಹಾಗೆ ಅಬ್ಬರಿಸಿದವನು ಈಗ ಕಾಫಿ ಬೇಕೆಂದು ಹೆಂಡತಿಗೆ ಕೈಸನ್ನೆ ಮಾಡುತ್ತಿದ್ದೇನೆ. ಅದಕ್ಕೇ ಫೋನು ಬಿಟ್ಟು ಈ ಕಾಗದ. ನಿನ್ನ ಮಗ ರವಿ ಓದಿ ಹೇಳಲಿ. ಮೆಲ್ಲಗೆ ಬೇಡ, ಪಾಲಿಬೆಟ್ಟದ ತೋಟದ ಲೈನುಮನೆಯವರಿಗೆಲ್ಲ ಕೇಳುವ ಹಾಗೆ ಓದಲಿ.

ನಮ್ಮ ಅನುಪಮಾ ಟೀಚರ್ ಈ ಪೇಟೆಯ ಸೇತುವೆಗಳ ಚರಿತ್ರೆ ಬರೆದಿದ್ದಾರೆ. ಆರು ವರ್ಷ ಮನೆಮನೆ ಸುತ್ತಿ, ಮುದುಕರನ್ನೆಲ್ಲ ಕೇಳಿ ಬರೆದದ್ದು. ಅಚ್ಚಾಗಿ ಬಂದ ಮೇಲೆ ಕೊಳ್ಳುವವರೇ ಇಲ್ಲ. ನಾಟಕಕ್ಕೆ ಜನ ಸೇರಿಸಿದ ಹಾಗೆ ಇದಕ್ಕೂ ಸೇರಿಸಿಕೊಡಿ ಎಂದು ನನ್ನನ್ನು ಕೇಳಿದರು. ಇವತ್ತು ಮಳೆ ನಿಂತು ಹೊಳವಾಗಿತ್ತು. ಜೀಪಿಗೆ ಮೈಕ್ ಕಟ್ಟಿ ಸಂತೆಯ ನಡುವೆ ನಿಂತೆ. ನಾಟಕದವರ ಕೆಟ್ಟ ಚಾಳಿ ನಿನಗೆ ಗೊತ್ತಲ್ಲ, ನಮ್ಮ ಪಾರ್ಟಿನ ಮಾತಷ್ಟೇ ಬಾಯಿಪಾಠ, ಉಳಿದ ಪುಸ್ತಕ ಯಾರಿಗೆ ಬೇಕು. ರಾಜರು, ಸಾಹೇಬರು, ಕಲ್ಲಿನ ಕಮಾನು ಬರುವ ಮೊದಲ ಎರಡು ಅಧ್ಯಾಯ ಓದಿಕೊಂಡು ಹೋಗಿ ಅಷ್ಟನ್ನೇ ಅಬ್ಬರಿಸಿದೆ. "ಕೇಳಿರಿ ಮಹಾಜನಗಳೇ, ಆನೆ ನಡೆದರೂ ಅಲುಗದ ಸೇತುವೆಯ ಕಥೆ." ಜನ ನಕ್ಕು ಮುಂದೆ ಹೋದರು. ಒಂದು ಗಂಟೆಯಾದರೂ ಒಂದು ಪ್ರತಿ ಹೋಗಲಿಲ್ಲ. ಟೀಚರ ಮುಖ ಬಾಡಿತು.

ಆಗ ಎದ್ದಳು ನಿನ್ನ ತಂಗಿ ಲಿಂಗಿ. ಎಳೆಬಿದಿರ ಕಣಿಲೆಯ ಬುಟ್ಟಿ ಮುಂದಿಟ್ಟುಕೊಂಡು ಕೂತವಳು ಸೊಂಟಕ್ಕೆ ಕೈ ಕೊಟ್ಟು, "ಮೊಣ್ಣಪ್ಪಣ್ಣ, ನಿಮ್ಮ ಸೇತುವೆಯಲ್ಲಿ ಆನೆ ಹೋಯಿತು, ಕುದುರೆ ಹೋಯಿತು. ಮನುಷ್ಯರು ಹೇಗೆ ಹೋದರು ಅಂತ ಬರೆದಿಲ್ವಾ?" ಎಂದಳು. ಸಂತೆಗೆ ಸಂತೆಯೇ ನಕ್ಕಿತು. ಟೀಚರ್ ಐದನೆಯ ಅಧ್ಯಾಯ ತೆರೆದು ನನ್ನ ಕೈಗಿಟ್ಟರು.

ಅಣ್ಣ, ಅಲ್ಲಿ ನೀನಿದ್ದೆ.

ಮಳೆಗಾಲ ಕಳೆದ ಕೂಡಲೇ ಮನೆಗೊಂದು ಬಿದಿರು ಬರುತ್ತಿದ್ದದ್ದು, ನೀನು ಅವನ್ನು ಕಾಡುಬಳ್ಳಿಯಲ್ಲಿ ಬಿಗಿದು ಹೊಳೆಗೆ ಅಡ್ಡ ಸಂಕ ಕಟ್ಟುತ್ತಿದ್ದದ್ದು, ಕಟ್ಟಿದವನೇ ಮೊದಲು ಹತ್ತಿ ನಟ್ಟನಡುವೆ ಮೂರು ಸಲ ಎಗರಬೇಕು, ಆಮೇಲೆಯೇ ಊರಿನವರು ಕಾಲಿಡಬೇಕು ಎಂಬ ಕಟ್ಟಳೆ, ಎಲ್ಲ ಇತ್ತು. ಕಾಂಕ್ರೀಟ್ ಸೇತುವೆ ಏಳುತ್ತಿದ್ದ ವರ್ಷ ಕೆಲಸದವರು ಹೊಳೆ ದಾಟಿದ್ದೂ ನಿನ್ನ ಸಂಕದ ಮೇಲೆಯೇ ಎಂದು ಬರೆದಿದ್ದರು. ಅದರ ಉದ್ಘಾಟನೆಯ ದಿನದ ಬಗ್ಗೆ ಮಾತ್ರ ಒಂದಕ್ಷರ ಇರಲಿಲ್ಲ. ಹೇಳಬೇಕಾದವನು ನಾನು, ಹೇಳಿರಲಿಲ್ಲ.

ಮೂವತ್ತೆರಡು ವರ್ಷದ ಹಿಂದೆ ಮೈಕ್ ನನ್ನ ಕೈಯಲ್ಲೇ ಇತ್ತು. ನೀನು ಬಿಳಿ ಅಂಗಿ ಹಾಕಿ, ಚಪ್ಪಲಿ ಕಳಚಿಟ್ಟು, ಸೇತುವೆಯ ತುದಿಯಲ್ಲಿ ಎಗರಲು ನನ್ನ ಕರೆಗೆ ಕಾಯುತ್ತಿದ್ದೆ. ನಿನ್ನ ಹೆಸರು ನನಗೆ ಕೊಟ್ಟ ಗಣ್ಯರ ಪಟ್ಟಿಯಲ್ಲಿರಲಿಲ್ಲ, ನನ್ನ ಬಾಯಲ್ಲಿತ್ತು. ರಂಗದ ಮೇಲೆ ಇಲ್ಲದ ಮಾತು ಸೇರಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದವನು ಅವತ್ತು ಪಟ್ಟಿಗಿಂತ ಒಂದು ಹೆಸರು ಹೆಚ್ಚು ಹೇಳಲಿಲ್ಲ. ರಿಬ್ಬನ್ ಕತ್ತರಿಸಿ ದೊಡ್ಡವರು ನಡೆದುಬಿಟ್ಟರು. ನೀನು ಚಪ್ಪಲಿ ಕೈಗೆತ್ತಿಕೊಂಡು, "ಎಗರದ ಸೇತುವೆ ಮೇಲೆ ನಾನು ಕಾಲಿಡೂದಿಲ್ಲ ಮೊಣ್ಣಪ್ಪ" ಅಂದೆ. ಅಷ್ಟೇ. ಇವತ್ತಿಗೂ ತಂಗಿಯ ಮನೆಗೆ ಬಂದರೆ ಹೊಳೆಗಿಳಿದೇ ದಾಟುತ್ತೀ. ಮಳೆಗಾಲದಲ್ಲಿ ಬರುವುದೇ ಇಲ್ಲ.

ಇದನ್ನೆಲ್ಲ ಇವತ್ತು ಮೈಕಿನಲ್ಲಿ ಹೇಳಿದೆ. ಅಧ್ಯಾಯ ಓದಿದೆ, ಬಿಟ್ಟುಹೋದದ್ದನ್ನು ಸೇರಿಸಿದೆ, ತಪ್ಪು ನನ್ನದೆಂದೆ. ಯಾವ ರಾಜನ ಪಾರ್ಟಿನಲ್ಲೂ ನನ್ನ ದನಿ ಹಾಗೆ ಏರಿರಲಿಲ್ಲ. ಸಂತೆ ನಿಂತಿತು, ಅಣ್ಣ. ತಕ್ಕಡಿ ಹಿಡಿದ ಕೈಗಳು ಹಿಡಿದ ಹಾಗೇ ನಿಂತವು. ಮೀನಿನ ಅಂಗಡಿಯ ಕಾಕ ಮುಂದೆ ಬಂದು, "ನನ್ನ ಮದುವೆ ದಿಬ್ಬಣ ಬಂದದ್ದು ಅದರ ಮೇಲೇ ಅಲ್ವಾ, ಕೊಡಿ ಒಂದು" ಎಂದರು. ಆಮೇಲೆ ತಡೆಯುವವರುಂಟೇ? ಬಸುರಿಯನ್ನು ಸಂಕದ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದವರು, ಪರೀಕ್ಷೆಗೆ ಹೋದವರು, ಕುಡಿದು ಅದರ ಮೇಲಿಂದ ಬಿದ್ದವರು ಸಹ ತಮ್ಮದೂ ಚರಿತ್ರೆಯೇ ಎಂದು ಕೈಚಾಚಿದರು. ಪೆಟ್ಟಿಗೆಗಳೆಲ್ಲ ಬರಿದಾದವು. ಓದು ಬಾರದ ಲಿಂಗಿಯೂ ಒಂದು ತೆಗೆದುಕೊಂಡಳು. ನಿನ್ನ ಹೆಸರು ಎಲ್ಲಿದೆಯೆಂದು ತೋರಿಸಿಕೊಂಡು, ಗುರುತಿಗೆ ಅಲ್ಲಿ ಬಿದಿರೆಲೆ ಇಟ್ಟು ಮಡಚಿದಳು.

ಈಗ ಮುಖ್ಯ ಮಾತು. ಎರಡನೆಯ ಮುದ್ರಣಕ್ಕೆ ಆ ದಿನದ ಪುಟವನ್ನೂ ಟೀಚರ್ ಸೇರಿಸುತ್ತಾರೆ. ಕೊನೆಯ ಸಾಲು ಮಾತ್ರ ಖಾಲಿ, ನೀನು ಎಗರಿದ ಮೇಲೆ ಬರೆಯುತ್ತಾರಂತೆ. ಬರುವ ಭಾನುವಾರ ಎಲ್ಲರೂ ಸೇತುವೆ ಹತ್ತಿರ ಸೇರುತ್ತೇವೆ. ರಿಬ್ಬನ್ ಇಲ್ಲ, ಕತ್ತರಿ ಇಲ್ಲ, ಪಟ್ಟಿಯೂ ಇಲ್ಲ. ನೀನು ಎಗರುವ ತನಕ ಯಾರೂ ಕಾಲಿಡುವುದಿಲ್ಲ. ಹೊಳೆ ತುಂಬಿದೆ, ಇಳಿದು ದಾಟುತ್ತೇನೆ ಎನ್ನುವ ಹಾಗಿಲ್ಲ. ಮಂಡಿನೋವು ಎನ್ನಲೂಬೇಡ. ಎರಡು ಬೆರಳಷ್ಟು ನೆಲ ಬಿಟ್ಟರೆ ಸಾಕು, ಮಿಕ್ಕ ಎತ್ತರವನ್ನು ನಾನು ಮೈಕಿನಲ್ಲಿ ಏರಿಸುತ್ತೇನೆ.

ಕಾಗದ ಇಲ್ಲಿಗೆ ಮುಗಿಯಬೇಕಿತ್ತು. ಅಷ್ಟರಲ್ಲಿ ರವಿಯ ಫೋನು. ಲಿಂಗಿ ನನಗಿಂತ ಮೊದಲೇ ಸುದ್ದಿ ಮುಟ್ಟಿಸಿದ್ದಾಳೆ. "ಅಪ್ಪ ಬಿಳಿ ಅಂಗಿ ಹುಡುಕ್ತಾ ಇದ್ದಾರೆ" ಎಂದ. ಉತ್ತರ ಕೊಡಲು ದನಿಯಿರಲಿಲ್ಲ. ಫೋನಿಗೇ ಚಪ್ಪಾಳೆ ತಟ್ಟಿದೆ.

ನಿನ್ನ ಕಾಲು ಗಟ್ಟಿಯಿರಲಿ, ಅಣ್ಣ. ನೀನು ಎಗರಿದ ಸೇತುವೆ ನೂರು ಮಳೆಗಾಲ ಕಾಣಲಿ.

ಚಪ್ಪಲಿ ಕಳಚಿಟ್ಟು, ಸೇತುವೆಯ ತುದಿಯಲ್ಲಿ ನಿನ್ನನ್ನು ಕಾಯುವ,
ಮೊಣ್ಣಪ್ಪ